ನಿಮ್ಮ ಮನ್ಯಾಗ ಯಾರಿಗಾರ ತಲಿ ಕೆಟ್ಟೈತೇನ್ರಿ?

ಮಂದಿಯ ಮನೆಯ ಹುಚ್ಚಿನ ವಿಚಾರ ಕೇಳುತ್ತ ತಿರುಗುವವನಿಗೆ ದಿನಕ್ಕೊಂದು ಫಜೀತಿ ಕಟ್ಟಿಟ್ಟ ಬುತ್ತಿ. ಈಗಿನವರು ಜೀನು, ಅಣು ಎಂದು ಹನಿ ರಕ್ತ ತೆಗೆದು ಯಂತ್ರಕ್ಕೆ ಕೊಡುತ್ತಾರೆ. ಯಂತ್ರಕ್ಕೆ ಯಾರೂ ಬಯ್ಯುವುದಿಲ್ಲ. ನಮ್ಮ ಕಾಲದಲ್ಲಿ ಮನೆಮನೆಗೆ ಹೋಗಿ ಬಾಯಿಬಿಟ್ಟು ಕೇಳಬೇಕಿತ್ತು. ಸ್ವಾತಂತ್ರ್ಯ ಬಂದಿತ್ತು, ಏಕೀಕರಣ ಇನ್ನೂ ಆಗಿರಲಿಲ್ಲ. ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ, ಕುಡಿತದ ಚಟ, ಇವೆರಡೂ ವಂಶದಲ್ಲಿ ಇಳಿದು ಬರುತ್ತವೆಯೇ ನೋಡಿ ಬಾ ಎಂದು ನನ್ನ ಹಿರಿಯ ಡಾಕ್ಟರು, ಆಗಷ್ಟೇ ಡಾಕ್ಟರಾಗಿದ್ದ ನನ್ನನ್ನು ಗದಗ ಸೀಮೆಗೆ ಅಟ್ಟಿದ್ದರು.

ಅದೇ ಹೊತ್ತಿಗೆ ಕಳಸಾಪುರದಲ್ಲಿ ನಮ್ಮವ್ವ ನನಗೆ ಹೆಣ್ಣು ಹುಡುಕುತ್ತಿದ್ದಳು. ಈ ಎರಡು ಕೆಲಸ ಒಟ್ಟಿಗೆ ನಡೆಯಬಾರದಿತ್ತು. ‘ಹುಚ್ಚರ ಡಾಕ್ಟರ’ ಎಂಬ ಹೆಸರು ನನಗಿಂತ ಮುಂಚೆ ಊರೂರು ಮುಟ್ಟಿ, ಹೆಣ್ಣಿನ ಕಡೆಯವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಜೀವನಪೂರ್ತಿ ಬ್ರಹ್ಮಚರ್ಯವೇ ಗತಿ ಎಂದು ನನಗೆ ನಿಜವಾಗಿಯೂ ಹೆದರಿಕೆ ಹತ್ತಿತ್ತು.

ಬೆಟಗೇರಿಯ ಯಜಮಾನರು

ಬೆಟಗೇರಿಯಲ್ಲಿ ಒಂದು ನೇಕಾರರ ಮನೆ. ನಿಮ್ಮ ವಂಶದಲ್ಲಿ ಯಾರಿಗಾದರೂ ಹುಚ್ಚು ಹಿಡಿದಿತ್ತೇ ಎಂದು ಕೇಳಿದೆ. ಯಜಮಾನರಿಗೆ ಸಿಟ್ಟು ಬರಲಿಲ್ಲ. ಮಗ್ಗ ನಿಲ್ಲಿಸಿ, ಚಾಪೆ ಹಾಸಿ, ಅವಲಕ್ಕಿ ತರಿಸಿದರು. ಏಳು ತಲೆಮಾರಿನಿಂದ ನಮ್ಮದು ಬಂಗಾರದಂಥ ಮನೆತನ ಎಂದರು. ಆಮೇಲೆ, ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರು. ನಮ್ಮ ಕಡೆ ಹುಚ್ಚಿನ ವಿಚಾರ ಕೇಳಿಕೊಂಡು ಹೊಸ್ತಿಲು ತುಳಿಯುವವರು ಹೆಣ್ಣು ಕೇಳಲು ಬಂದವರು ಮಾತ್ರ.

ನಾನು ಹೆಣ್ಣಿಗಾಗಿ ಬಂದವನಲ್ಲ, ಕಾಯಿಲೆಯ ಅಭ್ಯಾಸಕ್ಕೆ ಬಂದವನು ಎಂದೆ. ಅವರು ನಿರಾಳವಾಗಿ ಗೋಡೆಗೆ ಒರಗಿ, ಹಾಗಿದ್ದರೆ ಸುಳ್ಳೇಕೆ ಎಂದು ದೊಡ್ಡಪ್ಪನದೊಂದು, ಸೋದರತ್ತೆಯದೊಂದು ಕಥೆ ಹೇಳಿದರು. ನಾನು ಖುಷಿಯಿಂದ ಬರೆದುಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ಒಳಗೆ ಕರೆದು ಏನೋ ಪಿಸುಗುಟ್ಟಿದರು. ಯಜಮಾನರು ಹೊರಗೆ ಬಂದವರೇ, “ಡಾಕ್ಟರ, ನಿಮಗಿನ್ನೂ ಲಗ್ನ ಆಗಿಲ್ಲಂತಲ್ಲ?” ಎಂದರು. ಇಲ್ಲ ಎಂದೆ.

“ಹಂಗಾರ ಅದನ್ನ ಹೊಡದ ಹಾಕ್ರಿ. ಆ ಇಬ್ಬರೂ ಬಾಜೂ ಮನಿಯವರು.”

ಬೀಗರೂರಿನ ದಾರಿ

ಮುಂಡರಗಿ ಕಡೆ ಒಂದು ಹಳ್ಳಿ. ಆಗ ನಮ್ಮನ್ನಾಳುತ್ತಿದ್ದ ಮುಂಬಯಿ ಸರಕಾರ ಕುಡಿತ ನಿಷೇಧ ಮಾಡಿತ್ತು. ಗಡಿಯಾಚೆ ಹೈದರಾಬಾದ್ ಸೀಮೆ, ಅಲ್ಲಿ ಸೆರೆ ಅಂಗಡಿ ತೆರೆದೇ ಇತ್ತು. ಊರ ಹಿರಿಯರೊಬ್ಬರನ್ನು ಕುಡಿತದ ಬಗ್ಗೆ ಕೇಳಿದರೆ, ನನ್ನನ್ನು ಪೊಲೀಸರ ಕಡೆಯವನೆಂದು ತಿಳಿದು, ನಮ್ಮ ಊರಲ್ಲಿ ಅದರ ವಾಸನೆಯೂ ಗೊತ್ತಿಲ್ಲ ಎಂದುಬಿಟ್ಟರು. ಸಂಜೆಯಾಗುತ್ತಲೇ ಗಂಡಸರು ಸಾಲಾಗಿ ಗಡಿಯ ಕಡೆ ಹೊರಟರು. ಎಲ್ಲಿಗೆ ಎಂದೆ. ಬೀಗರ ಮನೆಗೆ ಎಂದರು. ದಿನಾಲೂ ಹೋಗುತ್ತಾರೆಯೇ ಎಂದೆ.

“ಬೀಗರು ಭಾಳ ಚಲೋ ಮಂದಿರಿ,” ಎಂದರು ಹಿರಿಯರು, ತಾವೂ ರುಮಾಲು ಸುತ್ತಿಕೊಳ್ಳುತ್ತ.

ಒಂದೇ ಮನೆಯ ಅಜ್ಜ, ಮಗ, ಮೊಮ್ಮಗ ಮೂವರೂ ಅದೇ ದಾರಿ ಹಿಡಿದದ್ದನ್ನು ಕಣ್ಣಾರೆ ಕಂಡೆ. ಬೀಗರ ಮೇಲಿನ ಪ್ರೀತಿ ವಂಶದಲ್ಲಿ ಇಳಿದು ಬರುತ್ತದೆ ಎಂದು ಹಿರಿಯ ಡಾಕ್ಟರಿಗೆ ವರದಿ ಮಾಡಿದೆ.

ಲಕ್ಷ್ಮೇಶ್ವರದ ಅವಳಿಗಳು

ಅವಳಿ ಜವಳಿ ಸಿಕ್ಕರೆ ಬಿಡಬೇಡ ಎಂದು ಹಿರಿಯ ಡಾಕ್ಟರು ಹೇಳಿದ್ದರು. ಒಂದೇ ಅಚ್ಚಿನ ಇಬ್ಬರಲ್ಲಿ ಒಬ್ಬನಿಗಿರುವ ಚಟ ಇನ್ನೊಬ್ಬನಿಗೂ ಇದ್ದರೆ ಅದು ರಕ್ತದ್ದು ಎಂಬ ಲೆಕ್ಕ. ಲಕ್ಷ್ಮೇಶ್ವರದಲ್ಲಿ ಅತ್ತರು ಮಾರುವ ಸಾಹೇಬರಿಗೆ ಅವಳಿ ತಮ್ಮನಿದ್ದಾನೆಂದು ತಿಳಿದು ಓಡಿದೆ. ನನ್ನ ಪ್ರಶ್ನೆಗಳಿಗೆ ಬೆಳಿಗ್ಗೆ ಅಣ್ಣ ಕುಳಿತರು, ಮಧ್ಯಾಹ್ನ ತಮ್ಮ ಕುಳಿತರು. ಅದೇ ಮೂಗು, ಅದೇ ನಶ್ಯದ ಚಟ. ಬೆರಳಚ್ಚು ನೋಡಿದರೆ ಗೆರೆಗೆ ಗೆರೆ ಕೂಡುತ್ತಿತ್ತು. ಅವಳಿಗಳಲ್ಲೂ ಬೆರಳಚ್ಚು ಹಾಗೆ ಕೂಡುವುದಿಲ್ಲವೆಂದು ಪುಸ್ತಕದಲ್ಲಿ ಓದಿದ್ದೆ. ಪುಸ್ತಕವೇ ತಪ್ಪು, ಇನ್ನು ನಾನು ಪ್ರಖ್ಯಾತನಾದೆ ಎಂದು ಹಿಗ್ಗಿದೆ. ಪ್ರಖ್ಯಾತನಿಗೆ ಹೆಣ್ಣು ಕೊಡದೆ ಇರುತ್ತಾರೆಯೇ?

ಹೊರಡುವಾಗ ತಮ್ಮನವರನ್ನೂ ಕರೆಯಿರಿ, ಇಬ್ಬರಿಗೂ ಕೈಮುಗಿದು ಹೋಗುತ್ತೇನೆ ಎಂದೆ. ಸಾಹೇಬರು ಸಂಕೋಚದಿಂದ ಟೋಪಿ ತೆಗೆದರು.

“ತಮ್ಮ ಹುಬ್ಬಳ್ಳಿಗೆ ಹೋಗಿ ಎಂಟ ದಿನಾ ಆತ್ರಿ. ನೀವು ಅಷ್ಟು ದೂರದಿಂದ ಬಂದೀರಿ, ಬರಿಗೈಲೆ ಕಳಸೂದು ಹೆಂಗ? ಮಧ್ಯಾಹ್ನ ಟೋಪಿ ಬದಲಿ ಮಾಡಿ ನಾನ ಕುಂತಿದ್ದೆ.”

ಶಿರಹಟ್ಟಿಯ ಅಜ್ಜಿ

ಕೊನೆಗೆ ನನ್ನ ಸೋದರಮಾವ ಶಿರಹಟ್ಟಿಯಲ್ಲೊಂದು ಹೆಣ್ಣು ಗೊತ್ತು ಮಾಡಿದ. ಹುಡುಗಿ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ನಿನ್ನ ಕಾಕಾನ ಸುದ್ದಿ ಎತ್ತಿದರೆ ಹಲ್ಲು ಮುರಿಯುತ್ತೇನೆ ಎಂದು ಮಾವ ದಾರಿಯುದ್ದಕ್ಕೂ ಹೇಳುತ್ತ ಬಂದ. ನಮ್ಮ ಕಾಕಾ, ಅಪ್ಪನ ತಮ್ಮ, ಚಳಿಗಾಲ ಬಂತೆಂದರೆ ಮಾಗಡಿ ಕೆರೆಯ ದಂಡೆಗೆ ನಿಂತು, ದೂರದೇಶದ ಹಕ್ಕಿಗಳಿಗೆ ಕರ್ನಾಟಕ ಏಕೀಕರಣದ ಭಾಷಣ ಮಾಡುತ್ತಿದ್ದ. ನನಗೆ ಈ ಕಾಯಿಲೆಯ ಅಭ್ಯಾಸ ಬೇಕೆನಿಸಿದ್ದೂ ಅವನಿಂದಲೇ. ಅವನೆಂದರೆ ನನಗೆ ಜೀವ.

ಹುಡುಗಿಯನ್ನು ನೋಡಿದೆ, ನೋಡಿದ ಕೂಡಲೇ ಒಪ್ಪಿದೆ. ಅಷ್ಟರಲ್ಲಿ ಅವಳ ಅಜ್ಜಿ ಕನ್ನಡಕ ಏರಿಸಿಕೊಂಡು ನನ್ನ ಪ್ರಶ್ನೆಯನ್ನೇ ನನಗೆ ಕೇಳಿದಳು.

“ನಿಮ್ಮ ಮನ್ಯಾಗ ಯಾರಿಗಾರ ತಲಿ ಕೆಟ್ಟೈತೇನಪಾ?”

ಬೆಟಗೇರಿಯ ಯಜಮಾನರು ನೆನಪಾದರು. ಬಾಜೂ ಮನೆಯವರು ಎನ್ನಲು ಬಾಯಿ ತೆರೆದೆ. ಕಾಕಾನ ಮುಖ ಕಣ್ಣೆದುರು ಬಂತು. ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಮಾವ ತಲೆಯ ಮೇಲೆ ಕೈ ಹೊತ್ತು ಕುಳಿತ. ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೋಡತೊಡಗಿದೆ.

ಆಗ ಬಾಗಿಲ ಮರೆಯಿಂದ ಹುಡುಗಿಯೇ ಕೇಳಿದಳು: “ಭಾಷಣಾ ಶುರು ಆದಕೂಡ್ಲೆ ಹಕ್ಕಿ ಹಾರಿ ಹೊಕ್ಕಿದ್ವೇನು?”

ಇಲ್ಲ, ಮುಗಿಯುವವರೆಗೂ ಕುಳಿತಿರುತ್ತಿದ್ದವು ಎಂದೆ.

“ಹಂಗಾರ ಅದೇನ ಹುಚ್ಚು ಬಿಡು,” ಎಂದಳು ಅಜ್ಜಿ. “ನಮ್ಮ ಮನಿಯವರು ಸಾಯೂತನಕಾ ಮಾತಾಡಿದ್ರು. ನಾ ಒಂದ ದಿನಾನೂ ಕುಂತು ಕೇಳಲಿಲ್ಲ. ಆದ್ರೂ ಮಂದಿ ಅವರಿಗೆ ಶಾಣ್ಯಾ ಅಂತಿದ್ರು.”

ನನಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಊರೂರು ತಿರುಗಿ ನಾಲಿಗೆಗೆ ರೂಢಿಯಾಗಿತ್ತು ನೋಡಿ, ನಿಮ್ಮ ಮನೆಯಲ್ಲಿ ಹುಚ್ಚು ಉಂಟೇ ಎಂದು ಕೇಳಿಬಿಟ್ಟೆ. ಮಾವ ಎದ್ದೇ ನಿಂತ.

ಅಜ್ಜಿ ಸಾವಕಾಶ ಎಲೆಗೆ ಸುಣ್ಣ ಹಚ್ಚಿದಳು.

“ಹುಚ್ಚರ ಡಾಕ್ಟರಗ ಹೆಣ್ಣ ಕೊಡಾಕ ಕುಂತೇವಲ್ಲೋ ತಮ್ಮಾ. ಇನ್ನೇನ ಪುರಾವಿ ಬೇಕು ನಿನಗ?”