ಮುಚ್ಚಳ ತೆಗೆದು ನೋಡಿದವನು

ವಾದದಲ್ಲಿ ಗೆಲ್ಲುವುದು ಒಂದು ಕಾಯಿಲೆ. ಹತ್ತಿದವನಿಗೆ ಅದು ಗೊತ್ತಾಗುವುದಿಲ್ಲ, ಮನೆಯವರಿಗೆ ಮಾತ್ರ ಗೊತ್ತಾಗುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಒಂದೇ: ಕಣ್ಣಿಗೆ ಕಾಣದ್ದನ್ನು ಒಪ್ಪಬೇಡ. ಉಪ್ಪಿಟ್ಟಿಗೆ ಉಪ್ಪು ಹಾಕಿದ್ದೇನೆ ಎಂದು ಅಮ್ಮ ಹೇಳಿದರೂ ನಾನು ಪುರಾವೆ ಕೇಳುವವನು.

ಬಂಗಾರಪೇಟೆಯಲ್ಲಿ ಎಂ.ಎಸ್ಸಿ. ಓದುವ ಅಕ್ಕ, ಮನೆಯ ರದ್ದಿ ಕಾಗದವನ್ನು ಇದ್ದಿಲು ಮಾಡಿ ಅದರಲ್ಲಿ ಕರೆಂಟು ಕೂಡಿಡುತ್ತೇನೆ ಎಂದಳು. ಅವಳ ಕಾಲೇಜಿನ ಕುಲುಮೆ ಕೆಟ್ಟಿತ್ತು. ಸೋಮವಾರದೊಳಗೆ ಇದ್ದಿಲು ತೋರಿಸದಿದ್ದರೆ ಬೇರೆ ವಿಷಯ ಹುಡುಕಿಕೋ ಎಂದಿದ್ದರಂತೆ ಮೇಡಂ. ಆರು ತಿಂಗಳ ಓದು ನೀರಿಗೆ ಹೋಗುತ್ತಿತ್ತು. ಶನಿವಾರ ಹಳೇ ಪೇಪರು, ಮದುವೆ ಕಾಗದ, ಕರೆಂಟು ಬಿಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುರುಕಿದಳು. ಒಂದು ಕಾಲಕ್ಕೆ ನಮ್ಮೂರ ಗಣಿಯಲ್ಲಿ ಚಿನ್ನ ಕರಗಿಸುವ ಮೂಸೆಗಳನ್ನು ಕಾಯುತ್ತಿದ್ದ ತಾತ, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿ, ಹೊಗೆಗೊಂದು ಸಣ್ಣ ತೂತು ಬಿಟ್ಟು, ನೀರೊಲೆಯೊಳಗೆ ಇಟ್ಟರು.

"ಕಾಗದ ಸುಟ್ಟರೆ ಬೂದಿ," ಎಂದೆ.

"ಗಾಳೀನೇ ಓಗ್ದಿದ್ರೆ ಬೂದಿ ಎಂಗ್ಲಾ ಆಯ್ತದೆ? ತಣ್ಣಗಾಗೋಗಂಟ ಮುಟ್ಬೇಡ. ಮೂಸೆ ಮುಚ್ಚಿದ ಮೇಲೆ ಅನುಮಾನಾನೂ ಮುಚ್ಕೊಂಡಿರ್ಬೇಕು ಕಣ್ಲಾ," ಎಂದರು ತಾತ.

ಹೊಗೆ ನಿಂತಿತು. ತಾತ ತೂತು ಮುಚ್ಚಿ, ಕೆಂಡ ಎಳೆದು, ಚಾ ಕುಡಿಯಲು ಹೋದರು. ನಾನು ಚಾಕುವಿನಿಂದ ಮಣ್ಣು ಕೆರೆದು ಮುಚ್ಚಳ ಎತ್ತಿದೆ. ಒಳಗೆ ಕಾಗದ ಕಪ್ಪಗೆ, ಹಾಳೆ ಹಾಳೆಯಾಗಿ ಹಾಗೇ ಇತ್ತು. ಅಕ್ಕ ಹೇಳಿದ್ದು ನಿಜ ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಅಂಚಿನಲ್ಲಿ ಒಂದು ಕೆಂಪು ಗೆರೆ ಓಡಿತು. ನಾನು ಊದಿ ಆರಿಸಲು ಹೋದೆ. ಊದಿದಷ್ಟೂ ಉರಿಯಿತು. ಕೊನೆಗೆ ಉಳಿದದ್ದು ಬೂದಿ. ವಾದದಲ್ಲಿ ನಾನೇ ಗೆದ್ದಿದ್ದೆ.

ಅಕ್ಕ ಡಬ್ಬಿ ನೋಡಿದಳು. "ನೀನು ಏಳ್ದಂಗೇ ಆಯ್ತಲ್ಲ, ಬುಡು," ಎಂದು ಒಳಗೆ ಹೋದಳು. ನಾನು ಬೂದಿ ಸುರಿದು ಡಬ್ಬಿ ಉಜ್ಜಿ ತೊಳೆದಿಟ್ಟೆ.

ಮನೆಯಲ್ಲಿ ಕಾಗದವೆಂದು ಉಳಿದದ್ದು ನನ್ನ ಚರ್ಚಾಸ್ಪರ್ಧೆಯ ಟಿಪ್ಪಣಿಗಳ ಕಟ್ಟು ಮಾತ್ರ. ಭಾನುವಾರ ಬೆಳಿಗ್ಗೆ ಅದನ್ನೇ ತಂದುಕೊಟ್ಟೆ. ತಾತ ಮತ್ತೆ ಮಣ್ಣು ಮೆತ್ತಿ ನನ್ನನ್ನೇ ಒಲೆಯ ಮುಂದೆ ಕೂರಿಸಿದರು. "ಕಳ್ಳನ್ನೇ ಕಾವಲಿಗೆ ಕೂರ್ಸಿದ್ರೆ ಕಳ್ತನ ಆಗಾಕಿಲ್ಲ."

ಸಂಜೆ ಡಬ್ಬಿ ತಣ್ಣಗಾದ ಮೇಲೆ ಅಕ್ಕ ತೆರೆದಳು. ಮೇಲಿನ ಕಪ್ಪು ಹಾಳೆಯಲ್ಲಿ ನನ್ನ ಕೈಬರಹ ಇನ್ನೂ ಮಿನುಗುತ್ತಿತ್ತು. ಅವಳು ಬಾಗಿ ಓದಿದಳು: "ಅಧ್ಯಕ್ಷರೇ, ಪುರಾವೆ ಎಲ್ಲಿದೆ?"

"ಇಲ್ಲೈತೆ," ಎಂದು ಹಾಳೆಯನ್ನು ಕುಟ್ಟಾಣಿಗೆ ಹಾಕಿ ಕುಟ್ಟಿದಳು.

ಸೋಮವಾರ ಆ ಪುಡಿ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಹೊರಟಿತು. ಅದರಲ್ಲಿ ಕರೆಂಟು ನಿಲ್ಲುತ್ತದೆಯೋ ಇಲ್ಲವೋ ನಾನಿನ್ನೂ ಕಂಡಿಲ್ಲ. ಸ್ಟೇಷನ್ನಿನಲ್ಲಿ ಪುಡಿ ತುಂಬಿದ ಅವಳ ಡಬ್ಬಿಯ ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿದೆ. ತೆಗೆದು ನೋಡುವ ಆಸೆ ಇರಲಿಲ್ಲ ಎಂದು ನಾನು ಹೇಳಿದರೆ ನಂಬಬೇಡಿ.