ಭಾವ ಓದಿದ ಯುದ್ಧನಿಯಮ

ನಮ್ಮ ಭಾವ ಯಾವುದಾದರೂ ದೇಶದ ಸೇನಾಧಿಪತಿಯಾಗಿದ್ದರೆ ಆ ದೇಶ ಯುದ್ಧವನ್ನೇ ಕಾಣುತ್ತಿರಲಿಲ್ಲ. ಶಾಂತಿಪ್ರಿಯರೆಂದು ತಿಳಿಯಬೇಡಿ! ಸೈನ್ಯ ಗಡಿಗೆ ಹೊರಡುವ ಮೊದಲು ಗಡಿ ಎಲ್ಲಿದೆಯೆಂದು ತೀರ್ಮಾನವಾಗಬೇಕಲ್ಲ? ಅದಾಗುವಷ್ಟರಲ್ಲಿ ಎರಡೂ ಕಡೆಯ ಸೈನಿಕರು ಪಿಂಚಣಿ ತೆಗೆದುಕೊಳ್ಳುತ್ತಿರುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸರ್ವೇಯರ್ ಕೆಲಸದಿಂದ ನಿವೃತ್ತರಾಗಿ ಅಂಕೋಲೆಯಲ್ಲಿದ್ದಾರೆ. ನಾನಿರುವುದು ಬಿಣಗಾದಲ್ಲಿ. ನನ್ನ ಪಕ್ಕದ ಮನೆಯವರು ವರ್ಗವಾಗಿ ಹೋಗುವಾಗ ಒಂದು ಯುದ್ಧದಾಟದ ಪೆಟ್ಟಿಗೆ ಕೊಟ್ಟು ಹೋದರು. ಜೇನುಗೂಡಿನಂತೆ ಆರು ಮೂಲೆಯ ಮನೆಗಳಿರುವ ಯೂರೋಪಿನ ದೊಡ್ಡ ನಕಾಶೆ, ರಟ್ಟಿನ ಸೈನ್ಯ, ಇರುವೆ ಸಾಲಿನಂಥ ಅಕ್ಷರಗಳ ನಿಯಮಪುಸ್ತಕ. ಒಮ್ಮೆ ಅದನ್ನು ಅಕ್ಕನ ಮನೆಗೆ ಒಯ್ದೆ. ನಕಾಶೆ ಕಂಡದ್ದೇ ತಡ, ಭಾವ ಅದನ್ನು ತಮ್ಮ ಆಸ್ತಿ ಮಾಡಿಕೊಂಡರು. ಪುಸ್ತಕವನ್ನಂತೂ ಯಾರ ಕೈಗೂ ಕೊಡರು.

ಅದೇ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಾರವಾರದ ಡಾಕ್ಟರು ತಡಮಾಡಬೇಡಿ ಎಂದಿದ್ದರು. ಭಾವ ಕೇಳಬೇಕಲ್ಲ! "ನಂಗೆ ಎಲ್ಲಾ ಕಾಣ್ತದೆ" ಎಂಬ ಒಂದೇ ಮಂತ್ರ. ಅಕ್ಕ ಹೇಳಿ ಹೇಳಿ ಸಾಕಾಗಿ ನನಗೆ ಬರಹೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಪಂದ್ಯ ಕಟ್ಟಿದರು.

"ಈ ಯುದ್ಧ ನೀ ಗೆದ್ರೆ ಆಪರೇಶನ್ ಮಾಡಿಸ್ಕಳ್ತೆ. ನಾ ಗೆದ್ರೆ ಮತ್ತೆ ಆ ಸುದ್ದಿ ಎತ್ತೂಕಿಲ್ಲ."

ಅಂದರೆ ಭಾವನ ಕಣ್ಣು ನನ್ನ ರಟ್ಟಿನ ಕುದುರೆಗಳ ಮೇಲೆ ನಿಂತಿತು. ಒಂದು ಭಾನುವಾರದಲ್ಲಿ ಮುಗಿಸಿಬಿಡುತ್ತೇನೆಂದು ಬಸ್ಸು ಹತ್ತಿದೆ. ಎಂಥ ಹುಚ್ಚು ನನ್ನದು!

ಮೊದಲ ಭಾನುವಾರ ಇಡೀ ಹೊಳೆಯಲ್ಲೇ ಹೋಯಿತು. ಹೊಳೆ ದಾಟಲು ಒಂದು ನಡೆ ಹೆಚ್ಚು ಬೇಕೆಂದು ನಿಯಮ. ಆದರೆ ನಕಾಶೆಯಲ್ಲಿ ಹೊಳೆ ಹರಿಯುವುದು ಎರಡು ಮನೆಗಳ ನಡುವಿನ ಗೆರೆಯ ಮೇಲೆ! ಭಾವನೊಳಗಿನ ಸರ್ವೇಯರ್ ಎದ್ದು ಕೂತರು.

"ಹೊಳೆ ಗಡಿ ಮೇಲೆ ಅದೆ. ಗಡಿಗೆ ಸರ್ವೇ ನಂಬರ್ ಅದ್ಯಾ? ನಂಬರೇ ಇಲ್ಲದ್ದನ್ನ ದಾಟೂಕೆ ನಡೆ ಎಂತಕ್ಕೆ?" ಎನ್ನುತ್ತ ತಮ್ಮ ಸೈನ್ಯವನ್ನು ಪುಕ್ಕಟೆ ದಾಟಿಸಿದರು.

ಸರಿ, ನಾನೂ ದಾಟಲು ಹೊರಟೆ. ಭಾವ ತಡೆದು, ಮೀನು ತರುವ ಹೆಂಗಸಿಗೆ ಫೋನು ಹಚ್ಚಿದರು.

"ಈಗ ಹೊಳೆ ನೀರು ಏರ್ತಾ ಅದ್ಯಾ, ಇಳೀತಾ ಅದ್ಯಾ?"

"ಏರ್ತಾ ಅದೆ ಸಾಹೇಬ್ರೆ. ಎಂತಕ್ಕೆ, ಬಳಚು ಚಿಪ್ಪಿಮೀನು ಬೇಕಿತ್ತಾ?"

ಫೋನಿಟ್ಟು ನನ್ನತ್ತ ತಿರುಗಿದರು. "ನಿನ್ನ ದಳ ದಡದಲ್ಲೇ ಇರ್ಲಿ. ಈಗ ಭರತ, ಸಮುದ್ರದ ನೀರು ಹೊಳೆಗೆ ಏರೂ ಹೊತ್ತು."

"ಭಾವಾ, ಇದು ಯೂರೋಪಿನ ನದಿ!"

"ಯೂರೋಪಿಗೆ ಸಮುದ್ರ ಇಲ್ವಾ?"

ಮುಂದಿನ ವಾರ ಕಾಡು ಬಂತು. ಕಾಡಿನ ಮನೆಗೆ ಎರಡು ನಡೆ. ನನ್ನ ಸೈನ್ಯ ಹೊಕ್ಕಾಗ, "ಹಿಲ್ಲೂರ ಕಾಡಲ್ಲಿ ಅಳತೆ ಸರಪಳಿ ಎಳೆದವ ನಾನು. ಎರಡರಲ್ಲಿ ಆಗೂದಿಲ್ಲ, ನಾಲ್ಕು ಕೊಡು" ಎಂದರು. ಅವರ ಸೈನ್ಯ ಹೊಕ್ಕಾಗಲೋ? "ಕಾಲುದಾರಿ ಇರ್ತದೆ ಮಾರಾಯ, ಊರವ್ರನ್ನ ಕೇಳ್ಕಂಡು ಹೋಗ್ತ್ರು" ಎಂದು ಒಂದೇ ನಡೆಯಲ್ಲಿ ಆಚೆ ಬಂದರು! ಕೇಳಿದರೆ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ಹಾಂಗೇ ಅದೆ ಇದ್ರಲ್ಲಿ" ಎನ್ನುವುದು. ನನಗೆ ಮೈಯೆಲ್ಲ ಉರಿದು ಹೋಗುತ್ತಿತ್ತು. "ನಿಮ್ಮ ಕಣ್ಣು ಹೋದ್ರೆ ಹೋಗ್ಲಿ!" ಎಂದು ಒಮ್ಮೆ ಕೂಗಿಯೂಬಿಟ್ಟೆ. ಆಮೇಲೆ ಬಸ್ಸಿನುದ್ದಕ್ಕೂ ಆ ಮಾತಿಗಾಗಿ ನನ್ನನ್ನೇ ಬೈದುಕೊಂಡೆ.

ನಾಲ್ಕನೆಯ ಭಾನುವಾರ ನನ್ನ ಕುದುರೆ ದಳ ಅವರ ರಾಜಧಾನಿಯಿಂದ ಮೂರೇ ಮನೆ ದೂರ. ನಡುವೆ ಅವರ ಒಂದು ಕಾಲಾಳು ದಳ. ಅದರ ಪಕ್ಕದಿಂದ ನುಗ್ಗಿದರೆ ಗೆಲುವು ನನ್ನದು. ಕುದುರೆಗೆ ತಡೆಯಿಲ್ಲ ಎಂದು ನಾನು, ಶತ್ರುವಿನ ಪಕ್ಕ ಬಂದದ್ದು ನಿಲ್ಲಲೇಬೇಕು ಎಂದು ಭಾವ. ಪುಸ್ತಕ ಬಿಡಿಸಿದರು. ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ಹಿಡಿದರು. ಕೊನೆಗೆ ತಲೆ ತಗ್ಗಿಸಿ ಅದನ್ನು ನನ್ನ ಮುಂದೆ ಸರಿಸಿದರು.

"ನಂಗೆ ಒಂದಕ್ಷರನೂ ಕಾಣೂದಿಲ್ಲ. ಇಷ್ಟು ದಿವ್ಸ ಬಾಯಿಗೆ ಬಂದದ್ದು ಹೇಳ್ದೆ. ನೀನೇ ಓದು."

ಅಯ್ಯೋ, ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಓದತೊಡಗಿದೆ. 'ಕುದುರೆ ದಳ ಎಲ್ಲಿಯೂ ನಿಲ್ಲದೆ ಸಾಗಬಹುದು.' ಅಡುಗೆಮನೆಯ ಬಾಗಿಲಲ್ಲಿ ಅಕ್ಕ, ಸಾಕು, ಅಲ್ಲಿಗೇ ನಿಲ್ಲಿಸು ಎಂದು ಕೈಸನ್ನೆ ಮಾಡಿದಳು. ನಿಲ್ಲಿಸಿದ್ದರೆ ಗೆದ್ದೆ. ಕೆಳಗೆ ಇನ್ನೊಂದು ಸಾಲಿತ್ತು. ಕಾಣದ ಮನುಷ್ಯ ನಂಬಿ ಕೊಟ್ಟ ಪುಸ್ತಕ, ಅರ್ಧ ಓದುವುದು ಹೇಗೆ? 'ಪಕ್ಕದಲ್ಲಿ ಶತ್ರು ಇದ್ದರೆ ಮಾತ್ರ ನಿಲ್ಲಬೇಕು' ಎಂದು ಅದನ್ನೂ ಓದಿದೆ. ನನ್ನ ಕುದುರೆ ನಿಂತಿತು. ಮರುನಡೆಯಲ್ಲಿ ಭಾವ ಅದನ್ನು ಸುತ್ತುವರಿದು ಎತ್ತಿಟ್ಟರು. ನನ್ನಲ್ಲಿ ಉಳಿದಿದ್ದ ಕೊನೆಯ ದಳವೂ ಹೋಗಿ ಯುದ್ಧ ಮುಗಿಯಿತು.

"ಬಂದ ನೋಡು ಸತ್ಯಹರಿಶ್ಚಂದ್ರ!" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಭಾವ ಗೆದ್ದ ಖುಷಿಯಲ್ಲಿ ಇರಲಿಲ್ಲ. ರಟ್ಟಿನ ಸೈನ್ಯವನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಿದರು.

"ಕಣ್ಣಿಗೆ ಪಟ್ಟಿ ಕಟ್ಟಿದ್ಮೇಲೆ ಮನೆಗೆ ಬರುದು ಹ್ಯಾಂಗೆ?"

"ನಾನು ಕರ್ಕೊಂಡು ಬರ್ತೆ ಭಾವಾ. ಆದ್ರೆ ಪಂದ್ಯ ನೀವೇ ಗೆದ್ರಲ್ಲ?"

"ಪಂದ್ಯ ಸುಡ್ಲಿ! ನಂಗೆ ಹೆದ್ರಿಕೆ ಮಾರಾಯ, ಅದ್ಕೇ ಒಲ್ಲೆ ಅಂದದ್ದು. ನೀನಾದ್ರೆ ಗುಂಡಿ ಇದ್ದಲ್ಲಿ ಗುಂಡಿ ಅಂತೇ ಹೇಳ್ತಿ. ನಾಳೆ ಮೊದಲ್ನೆ ಬಸ್ಸಿಗೆ ಹೋಗ್ವಾ?"

ಇಷ್ಟು ವರ್ಷಗಳ ಜಗಳದಲ್ಲಿ ಭಾವ ಹೆದರಿಕೆ ಎಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನಕಾಶೆಯ ಮೇಲಿಂದ ಕೈ ಚಾಚಿ ಅವರ ಕೈ ಹಿಡಿದುಕೊಂಡೆ.