ಅತ್ತೆಯ ಕೀಲುನೋವಿನ ಎಣ್ಣೆ

ಟಿಯೋಫಿಲೋಗೆ ದೇವರ ಮೇಲೆ ಕೋಪವಿರಲಿಲ್ಲ, ಸರಕಾರದ ಮೇಲೂ ಅಷ್ಟಾಗಿ ಇರಲಿಲ್ಲ. ಅವನ ಕೋಪವೆಲ್ಲ ಲಗೂನಾದ ಮೋಜಿನ ಪಾರ್ಕಿನೊಳಗೆ ಮಾರುವ ಅನ್ನದ ಮೇಲೆ. ಒಂದು ಬಟ್ಟಲು ಅನ್ನ, ಅದರ ಮೇಲೆ ಬೆರಳಷ್ಟುದ್ದದ ಕೋಳಿತುಂಡು. ಅದಕ್ಕೆ ಅವರು ಕೇಳುವ ದುಡ್ಡಿನಲ್ಲಿ ಬತಾಂಗಾಸಿನ ತನ್ನ ಬೀದಿಯಲ್ಲಿ ಮಗುವಿಗೆ ಹೆಸರಿಡುವ ಊಟವನ್ನೇ ಹಾಕಿಸಬಹುದು ಎಂಬುದು ಅವನ ವಾದ. (ಊಟಕ್ಕೆ ಮನೆಯವರಷ್ಟೇ ಬಂದರೆ ಆ ವಾದ ನಿಜ. ಮನೆಯವರಷ್ಟೇ ಬಂದ ಊಟ ಆ ಬೀದಿಯಲ್ಲಿ ಇದುವರೆಗೆ ನಡೆದಿಲ್ಲ.)

ಮಗಳು ಮಯೂಮಿಗೆ ರಜೆ ಬಂದಿತ್ತು, ಹೆಂಡತಿ ಪೆರ್ಲಿಟಾ ಟಿಕೆಟ್ ತೆಗೆಸಿಯಾಗಿತ್ತು. ಪಾರ್ಕಿನಲ್ಲಿ ಒಂದು ಪೆಸೊವನ್ನೂ ಊಟಕ್ಕೆ ಬಿಚ್ಚುವುದಿಲ್ಲ ಎಂದು ಟಿಯೋ ಘೋಷಿಸಿದಾಗ ಪೆರ್ಲಿಟಾ ನಕ್ಕಳು.

"ನೀನಾ? ಬೆಳಗಿನ ತಿಂಡಿ ತಟ್ಟೆ ತೊಳೆಯೋಕ್ಕೆ ಮುಂಚೆನೇ ಮಧ್ಯಾಹ್ನ ಏನು ಅಂತ ಕೇಳೋನು ನೀನು."

ಗಂಡಸಿನ ಬಾಯಿ ಜಾರುವುದು ಇಂಥ ಹೊತ್ತಿನಲ್ಲೇ. "ತಿನ್ನೋದಕ್ಕೆ ಅಂತ ನಾನು ಅಲ್ಲಿ ಪರ್ಸ್ ತೆಗೆದರೆ, ಮುಂದಿನ ಭಾನುವಾರ ಹೆನೆರಾಲ್‌ನ ಕುಯ್ದು ಸಾರು ಮಾಡು," ಎಂದುಬಿಟ್ಟ.

ಹೆನೆರಾಲ್ ಅವನ ಕಾಳಗದ ಹುಂಜ. ದಿನಾ ಬೆಳಿಗ್ಗೆ ಅದರ ತೊಡೆ ನೀವಿ, ರೆಕ್ಕೆ ಸವರಿ, ಮೊಟ್ಟೆ ತಿನ್ನಿಸಿ ಆಮೇಲೆಯೇ ಅವನು ಕೆಲಸಕ್ಕೆ ಹೋಗುವುದು. ಹೆಂಡತಿಯ ಕಾಲು ಒತ್ತಿದ್ದು ಅವನಿಗಾಗಲಿ ಅವಳಿಗಾಗಲಿ ನೆನಪಿಲ್ಲ. ಹುಂಜ ಅಖಾಡದಲ್ಲಿ ಒಮ್ಮೆಯೂ ಸೋತಿರಲಿಲ್ಲ, ಏಕೆಂದರೆ ಎಲ್ಲಿ ಪೆಟ್ಟಾದೀತೋ ಎಂದು ಅವನು ಅದನ್ನು ಅಖಾಡಕ್ಕೆ ಇಳಿಸಿಯೇ ಇರಲಿಲ್ಲ. ಇಂಥ ಪ್ರಾಣಪದಕವನ್ನು ಪಣಕ್ಕಿಟ್ಟ ಮೇಲೆ ರಾತ್ರಿಯಿಡೀ ಯೋಚಿಸಿ ಅವನೊಂದು ಮಹಾಯೋಜನೆ ಹೂಡಿದ.

ಪಾರ್ಕಿನೊಳಕ್ಕೆ ಹೊರಗಿನ ಊಟ ಬಿಡುವುದಿಲ್ಲ, ಚೀಲ ತಡಕುತ್ತಾರೆ. ಆದರೆ ಮುದುಕಿಯ ಮಡಿಲು ತಡಕುವ ಗಂಡು ಆ ದೇಶದಲ್ಲಿ ಹುಟ್ಟಿಲ್ಲ. ಹಾಗಾಗಿ ದಿನಾ ಗುಡ್ಡದ ಮೇಲಿನ ಚರ್ಚಿಗೆ ನಡೆದೇ ಹೋಗಿಬರುವ ಅತ್ತೆ ಲೋಲಾ ಇಸಿಡ್ರಾ (ಲೋಲಾ ಎಂದರೆ ಅಲ್ಲಿ ಅಜ್ಜಿ) ಒಂದು ದಿನದ ಮಟ್ಟಿಗೆ ನಡೆಯಲಾಗದವರಾದರು. ಎರವಲು ತಂದ ಗಾಲಿಕುರ್ಚಿ, ಅದರಲ್ಲಿ ಲೋಲಾ, ಅವರ ಮಡಿಲಲ್ಲಿ ವಿನೆಗರ್ ಬೆಳ್ಳುಳ್ಳಿ ಹಾಕಿ ಬೇಯಿಸಿದ ಹಂದಿಮಾಂಸದ ಅಡೋಬೋ, ಕಾಲ ಬಳಿ ಅನ್ನದ ಪಾತ್ರೆ, ಎಲ್ಲದರ ಮೇಲೆ ಒಂದು ಕಂಬಳಿ.

ಗೇಟಿನ ಕಾವಲುಗಾರ ರೊಮೆಲ್ ಸಂಸ್ಕಾರವಂತ ಹುಡುಗ. ಅಜ್ಜಿಯನ್ನು ಕಂಡವನೇ ಬಗ್ಗಿ, ಆಶೀರ್ವಾದಕ್ಕೆಂದು ಆಕೆಯ ಕೈಯನ್ನು ಹಣೆಗೊತ್ತಿಕೊಂಡ. ಬಗ್ಗಿದ ಮೂಗಿಗೆ ಬೆಳ್ಳುಳ್ಳಿ ಘಮ್ಮೆಂದಿತು. ಅವನು ಅಲ್ಲೇ ನಿಂತುಬಿಟ್ಟ.

"ಕೀಲುನೋವಿನ ಎಣ್ಣೆ," ಎಂದ ಟಿಯೋ.

"ಪಲಾವ್ ಎಲೆನೂ ಹಾಕಿದೀರ?"

"ಹಳೇ ನೋವಪ್ಪ," ಎಂದರು ಲೋಲಾ.

ರೊಮೆಲ್ ಇನ್ನೊಮ್ಮೆ ಉಸಿರೆಳೆದುಕೊಂಡು ಒಳಗೆ ಬಿಟ್ಟ. ಟಿಯೋ ಬಿಸಿಲಲ್ಲಿ ಮೂವರನ್ನೂ ಊಟವನ್ನೂ ಹೊತ್ತವನಂತೆ ಗಾಲಿಕುರ್ಚಿ ತಳ್ಳುತ್ತ ಪಾರ್ಕು ಸುತ್ತಿದ. ಮಧ್ಯಾಹ್ನವಾದಾಗ ಜಾರುಬಂಡೆಯ ಹಿಂದಿನ ಮರದಡಿ ಕುರ್ಚಿ ನಿಲ್ಲಿಸಿ, ಎಲ್ಲರಿಗೂ ಬಡಿಸಲು ಹೇಳಿ, ಯಾರಾದರೂ ಬರುತ್ತಾರೇನೋ ಎಂದು ನೋಡಲು ತಾನು ದಾರಿಗೆ ಹೋಗಿ ನಿಂತ.

ಅಲ್ಲೇ ಅವನು ಎಡವಿದ್ದು. ಉಣ್ಣುವಾಗ ಯಾರು ಎದುರಾದರೂ 'ಬನ್ನಿ, ಊಟ ಮಾಡೋಣ' ಎನ್ನಬೇಕು. ಕರೆಸಿಕೊಂಡವರು 'ಆಯ್ತು, ನೀವು ಮಾಡಿ' ಎಂದು ಮುಂದೆ ಹೋಗಬೇಕು. ಇದು ಆ ನಾಡಿನ ರೀತಿ. ಅದು ಕರೆಯುವುದಕ್ಕಷ್ಟೇ ಇರುವ ಮಾತು ಎಂದು ಎಲ್ಲರಿಗೂ ಗೊತ್ತು, ಲೋಲಾ ಇಸಿಡ್ರಾ ಒಬ್ಬರನ್ನು ಬಿಟ್ಟು. ಅವರು ಕರೆದರೆ ತಟ್ಟೆ ಕೈಗಿಟ್ಟೇ ಬಿಡುವವರು. ಕಸ ಗುಡಿಸುವ ಹೆಂಗಸು ಬಂದಳು, ಕರೆದರು. ಕರಡಿ ವೇಷದವನು ಬಂದ, ಕರೆದರು. ಅವನು ತಲೆ ಕಳಚಿಟ್ಟು ಕೂತ. ಕೊನೆಗೆ ಟಿಯೋ ಕಾಯುತ್ತಿದ್ದ ದಾರಿ ಬಿಟ್ಟು ಇನ್ನೊಂದು ದಾರಿಯಲ್ಲಿ, ಮೂಗು ಎಳೆದ ಕಡೆಗೆ ನಡೆದು ರೊಮೆಲ್ ಬಂದ.

ಟಿಯೋ ತಿರುಗಿ ನೋಡಿದ. ನಡೆಯಲಾಗದ ಅತ್ತೆ ಎದ್ದು ನಿಂತು, ಸೆರಗು ಸಿಕ್ಕಿಸಿದವರ ಗತ್ತಿನಲ್ಲಿ ಓಡಾಡುತ್ತ ಬಡಿಸುತ್ತಿದ್ದರು. ರೊಮೆಲ್ ಬೆರಳು ಚೀಪುತ್ತಿದ್ದ.

"ಎಣ್ಣೆ ಚೆನ್ನಾಗಿದೆ ಲೋಲಾ. ಹಚ್ಚಿದ ತಕ್ಷಣ ನಿಂತೇ ಬಿಟ್ರಿ."

"ಭಾನುವಾರ ಮನೆಗೆ ಬಾರಪ್ಪ, ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು," ಎಂದರು ಲೋಲಾ.

ಹಿಡಿಯುತ್ತಾರೆಂಬ ಭಯ ತೀರಿತು. ಆದರೆ ಟಿಯೋ ತಟ್ಟೆ ಹಿಡಿದು ಬರುವಷ್ಟರಲ್ಲಿ ಪಾತ್ರೆ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. ಅವನದು ಆಗಿಹೋಗಿದೆ ಎಂದು ಎಲ್ಲರೂ ತಿಳಿದಿದ್ದರು. ಹೊಟ್ಟೆ ತುಂಬಿದೆಯಾ ಎಂದು ಪೆರ್ಲಿಟಾ ಕೇಳಿದಾಗ ಅವನು ಹುಬ್ಬೇರಿಸಿದ. ಅಲ್ಲಿಯವರು ಹುಬ್ಬೇರಿಸಿದರೆ ಹೌದೆಂದರ್ಥ.

ಸಂಜೆಯ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಮನೆಯವರು ದೊಡ್ಡ ಚಕ್ರ ಹತ್ತಿದಾಗ ಅವನು ಪಾಯಿಖಾನೆಯ ನೆವ ಹೇಳಿ ಹೋದ. ಮೂಲೆಯ ಅಂಗಡಿಯಲ್ಲಿ, ಹೆನೆರಾಲ್‌ನ ಮುಖ ನೆನೆದು ಕಣ್ಣು ಮುಚ್ಚಿ, ಪರ್ಸ್ ತೆಗೆದ. ಸಾಸೇಜು ಬನ್ನು ಎರಡೇ ತುತ್ತಿಗೆ ಮಾಯವಾಯಿತು. ಅದರ ಜೊತೆ ಪುಕ್ಕಟೆಯಾಗಿ ಕೊಟ್ಟ ಕೆಂಪು ಜುಟ್ಟಿನ ಹುಂಜದ ಟೋಪಿಯನ್ನು ಅಲ್ಲೇ ಬಿಟ್ಟು, ಬಾಯಿ ಒರೆಸಿಕೊಂಡು ಬಂದ.

ಅವರು ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ರೊಮೆಲ್ ಓಡಿ ಬಂದ. ಉಂಡ ಮನೆಯ ಋಣ ತೀರಿಸಲು ಮಧ್ಯಾಹ್ನದಿಂದ ಒಂದು ಅವಕಾಶಕ್ಕೆ ಕಾದಿದ್ದ ಹುಡುಗ ಅವನು.

"ಸರ್, ಸಾಸೇಜು ತಗೊಂಡ ಅಂಗಡೀಲಿ ಟೋಪಿ ಬಿಟ್ಟುಬಂದಿದೀರಿ," ಎಂದು ಅದನ್ನು ಚಾಚಿದ.

ಪೆರ್ಲಿಟಾ ಗಂಡನನ್ನು ನೋಡಿದಳು. ಟಿಯೋ ಇಂಗು ತಿಂದ ಮಂಗನಂತೆ ನಿಂತ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ; ಇವನದು ಸಾಸೇಜಿಗೆ ಹೋಯಿತು.

ಭಾನುವಾರ ಬೆಳಿಗ್ಗೆ ಅವನು ಕತ್ತರಿಸಿದ ಕೋಳಿಯನ್ನು ತಂದು, ಹೆನೆರಾಲ್ ಇನ್ನಿಲ್ಲವೆಂದು ಹೇಳಿ, ಅಡುಗೆಮನೆಯಲ್ಲಿಟ್ಟ. ಅದು ಸಂತೆಯ ಕೋಳಿ. ಹೆನೆರಾಲ್ ಪಕ್ಕದ ಮನೆಯ ಕುಲಾಸನ ಕಂಕುಳಲ್ಲಿತ್ತು. ಒಂದು ಗಳಿಗೆಯೂ ಕೆಳಗೆ ಬಿಡಕೂಡದೆಂದು ಆಣೆ ಹಾಕಿಸಿಯಾಗಿತ್ತು. ರೊಮೆಲ್ ಸಂಸಾರ ಸಮೇತ ಬಂದ. ಶುಂಠಿ ಹಾಕಿದ ಸಾರು ಹಬೆಯಾಡುತ್ತಿತ್ತು. ಟಿಯೋ ಸಾವಿನ ಮನೆಯವನ ಮುಖ ಹಾಕಿಕೊಂಡು ಕೂತ.

ಮಯೂಮಿ ಸೌಟಿನಲ್ಲಿ ಸಾರು ಕೆದಕಿ ನೋಡಿ, "ಅಪ್ಪಾ, ಹೆನೆರಾಲ್‌ಗೆ ನಾಲ್ಕು ಕಾಲಿತ್ತಾ?" ಎಂದಳು.

ಅವನು ಏನಾದರೂ ಹೇಳುವ ಮೊದಲೇ ಲೋಲಾ ಗೋಡೆಯಾಚೆ ಕುಲಾಸನ ತಲೆ ಕಂಡು, ಬಾರೋ ಊಟ ಮಾಡೋಣ ಎಂದು ಕೂಗಿದರು. ಗಾಬರಿಗೆ ಟಿಯೋನ ಹುಬ್ಬುಗಳು ತಾವಾಗಿಯೇ ಮೇಲೆ ಹೋದವು. ಯಜಮಾನನೇ ಹೌದೆಂದ ಮೇಲೆ ಇನ್ನೇನೆಂದು ಕುಲಾಸ್ ಬಂದ. ಆಣೆ ಮೀರುವವನಲ್ಲ, ಹುಂಜವನ್ನು ಕಂಕುಳಲ್ಲಿಟ್ಟುಕೊಂಡೇ ಬಂದ.

ಪೆರ್ಲಿಟಾ ಒಂದಿಷ್ಟೂ ಬೆಚ್ಚದೆ ಕುಲಾಸನಿಗೊಂದು ತಟ್ಟೆ ಇಟ್ಟಳು.

"ನೀನು ತಂದಾಗಲೇ ಗೊತ್ತಾಯ್ತು ಟಿಯೋ. ಆ ಮುದ್ದಿನ ತೊಡೆ ನಾನು ನೋಡಿಲ್ವಾ? ಇನ್ನೊಂದು ಕೋಳಿ ನಾನು ನಿನ್ನೆನೇ ತಂದಿಟ್ಟಿದ್ದೆ, ಎರಡನ್ನೂ ಸಾರಿಗೆ ಹಾಕಿದೆ. ನೀನು ಹೆನೆರಾಲ್‌ನ ಕುಯ್ದು ಬಂದು ಇಡೀ ವರ್ಷ ಅತ್ತರೆ ಕೇಳೋರು ಯಾರು?"

ಟಿಯೋನ ಕಣ್ಣು ನಿಜವಾಗಿಯೇ ತುಂಬಿ ಬಂತು. ಎರಡು ಕೋಳಿಯ ದುಡ್ಡಿನಲ್ಲಿ ಪಾರ್ಕಿನ ಅನ್ನ ಎಷ್ಟು ಬಟ್ಟಲು ಬರುತ್ತಿತ್ತೆಂದು ಲೆಕ್ಕ ಹಾಕಲೂ ಅವನಿಗೆ ಆಗ ಮನಸ್ಸಾಗಲಿಲ್ಲ. ಆದರೆ ಸೋತವನಿಗೆ ಶಿಕ್ಷೆ ಬೇಡವೇ ಎಂದು ಲೋಲಾ ಕೇಳಿದರು. ಮಯೂಮಿ ಒಳಗೋಡಿ ಆ ಕೆಂಪು ಜುಟ್ಟಿನ ಟೋಪಿ ತಂದು ಅಪ್ಪನ ತಲೆಗೆ ಹಾಕಿದಳು. ಊಟ ಮುಗಿಯುವವರೆಗೆ ಅವನೇ ಬಡಿಸಬೇಕೆಂದು ತೀರ್ಮಾನವಾಯಿತು.

ಟೋಪಿ ಹಾಕಿಕೊಂಡು, ಸೌಟು ಹಿಡಿದು, ಟಿಯೋ ತನ್ನ ಹುಂಜವನ್ನು ಮುದ್ದಿಸಲು ಬಗ್ಗಿದ. ಹೆನೆರಾಲ್ ಎದುರಿಗೆ ಬಂದ ಆ ದೊಡ್ಡ ಕೆಂಪು ಜುಟ್ಟನ್ನು ನೋಡಿತು. ಕತ್ತಿನ ಗರಿ ಕೆದರಿತು. ಮರುಕ್ಷಣ ಕುಲಾಸನ ಕಂಕುಳಿಂದ ಹಾರಿ ಯಜಮಾನನ ಹಣೆಗೆ ಕುಕ್ಕಿ, ಟೋಪಿಯನ್ನು ಕಾಲಲ್ಲಿ ಮೆಟ್ಟಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿತು. ಅದರ ಬದುಕಿನ ಮೊದಲ ಕಾಳಗ ಅದು, ಗೆದ್ದದ್ದೂ ಅದೇ. ಟಿಯೋನ ಹಣೆಗೆ ಲೋಲಾ ತಮ್ಮ ನಿಜವಾದ ಎಣ್ಣೆ ಹಚ್ಚಿದರು.